ಹೆದರಿಕೆಯನ್ನೇ ಟೈಪ್ ಮಾಡಿದರೆ ಹೆದರಿಕೆಯೇ ಸಿಗುತ್ತೆ

ಅಮ್ಮ ಯಾರಿಗೂ ಹೇಳದೆ ಮೆಟ್‌ಫಾರ್ಮಿನ್ ನಿಲ್ಲಿಸಿಬಿಟ್ಟಿದ್ದರು. ಕೇಳಿದ್ದಕ್ಕೆ, "ಶುಗರ್ ಮಾತ್ರೆಯಿಂದ ಕಿಡ್ನಿ ಹೋಗುತ್ತಂತೆ, ಗೂಗಲ್‌ನಲ್ಲೇ ಇದೆಯಲ್ಲೋ" ಅಂದರು.

ಫೋನ್ ನೋಡಿದೆ. ಅವರು ಹುಡುಕಿದ್ದೇ "ಶುಗರ್ ಮಾತ್ರೆ ಕಿಡ್ನಿ ಹಾಳು" ಅಂತ. ಸರ್ಚ್ ಎಂಜಿನ್ ನಾವು ಕೊಟ್ಟ ಪದಗಳಿಗೆ ಹೊಂದುವ ಪುಟಗಳನ್ನು ತರುತ್ತದೆ. 'ಹಾಳು' ಎಂದು ಬರೆದರೆ, ಹಾಳು ಎನ್ನುವ ಪುಟಗಳೇ ಮೇಲೆ ಬರುತ್ತವೆ. 'ಪ್ರಾಯೋಜಿತ' ಎಂದಿದ್ದರೆ ಅದು ಜಾಹೀರಾತು.

ನಾನು ಇಂಗ್ಲಿಷಿನಲ್ಲಿ ಮೆಟ್‌ಫಾರ್ಮಿನ್, ಕಿಡ್ನಿ ಎಂದಷ್ಟೇ ಬರೆದೆ. ಮುಂದೆ 'ಸೈಟ್' ಎಂಬ ಪದ, ಕೋಲನ್, ಜಾಗ ಬಿಡದೆ ಮೆಡ್‌ಲೈನ್‌ಪ್ಲಸ್ ತಾಣದ ವಿಳಾಸ. ಹೀಗೆ ಮಾಡಿದರೆ ಆ ಒಂದು ತಾಣದ ಪುಟಗಳು ಮಾತ್ರ ಬರುತ್ತವೆ. ಅದನ್ನು ನಡೆಸುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ, ಅಲ್ಲಿ ಜಾಹೀರಾತಿಲ್ಲ.

ಓದಿದಾಗ ಗೊಂದಲದ ಮೂಲ ತಿಳಿಯಿತು. ಮೆಟ್‌ಫಾರ್ಮಿನ್ ದೇಹದಿಂದ ಹೊರಹೋಗುವುದು ಕಿಡ್ನಿ ಮೂಲಕ. ಕಿಡ್ನಿ ಮೊದಲೇ ಸೋತಿದ್ದರೆ ಔಷಧಿ ಒಳಗೇ ಉಳಿದು, ಅಪರೂಪಕ್ಕೆ ಲ್ಯಾಕ್ಟಿಕ್ ಆಸಿಡೋಸಿಸ್ ಎಂಬ ಅಪಾಯ ತರಬಹುದು. ಅದಕ್ಕೇ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಕೊಡುವುದಿಲ್ಲ. ಈ ಎಚ್ಚರಿಕೆಯೇ ತಿರುವುಮುರುವಾಗಿ "ಮಾತ್ರೆಯಿಂದ ಕಿಡ್ನಿ ಹಾಳು" ಆಗಿತ್ತು. ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ ಮಾತ್ರ ಕಿಡ್ನಿಯನ್ನು ನಿಜಕ್ಕೂ ಕೆಡಿಸುತ್ತದೆ.

ಅಮ್ಮನ ಇಜಿಎಫ್‌ಆರ್ ಎಷ್ಟು ಅಂತ ಗೂಗಲ್‌ಗೆ ಗೊತ್ತಿಲ್ಲ. ಆ ಪ್ರಶ್ನೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆವು. ಹುಡುಕಾಟದಿಂದ ಅಷ್ಟು ಸಿಕ್ಕರೆ ಸಾಕು.