ನಿಮಗಿದು ಗೊತ್ತೇ? – ಗದುಗಿನ ಅಜ್ಜಾರು

ಕಣ್ಣಿಲ್ಲದ ಸಾವಿರಾರು ಮಕ್ಕಳಿಗೆ ಪುಟ್ಟರಾಜ ಗವಾಯಿಗಳು ಕೊಟ್ಟದ್ದು ಕನಿಕರವಲ್ಲ, ದುಡಿದು ತಲೆಯೆತ್ತಿ ಬಾಳುವ ವಿದ್ಯೆ. ಅವರ ಬಗ್ಗೆ ಇವು ನಿಮಗೆ ಗೊತ್ತೇ?

● ಪುಟ್ಟರಾಜರು ಹುಟ್ಟಿದ್ದು 1914ರ ಮಾರ್ಚ್ 3ರಂದು, ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಸೋದರಮಾವ ಅವರನ್ನು ತಂದು ಪಂಚಾಕ್ಷರ ಗವಾಯಿಗಳ ಮಡಿಲಿಗೆ ಹಾಕಿದರು.

● ಆ ಗುರುವೂ ಹುಟ್ಟು ಅಂಧರು, ಅದೇ ಹಾನಗಲ್ ತಾಲ್ಲೂಕಿನವರು! ಅವರನ್ನು ಪೊರೆದು ಸಂಗೀತಕ್ಕೆ ಹಚ್ಚಿದವರು ಹಾನಗಲ್ ಕುಮಾರ ಸ್ವಾಮಿಗಳು. ಪಂಡಿತ ಬಸವರಾಜ ರಾಜಗುರು ಈ ಗುರುವಿನ ಶಿಷ್ಯರೇ.

● 1944ರಲ್ಲಿ ಗುರು ಲಿಂಗೈಕ್ಯರಾದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ 30ರ ಹರೆಯದ ಪುಟ್ಟರಾಜರ ಹೆಗಲೇರಿತು. ಮುಂದಿನ 66 ವರ್ಷ ಅದನ್ನು ಇಳಿಸಲೇ ಇಲ್ಲ.

● ಆಶ್ರಮದಲ್ಲಿ ಊಟ, ವಸತಿ, ಪಾಠ ಎಲ್ಲವೂ ಉಚಿತ. ಅಂಧ ಮಗುವಿಗೆ ತಬಲಾ ಕಲಿಸುವಾಗ ಗುರು ಅದರ ಬೆರಳು ಹಿಡಿದು ಕರಣೆ (ಕಪ್ಪು ಭಾಗ) ಎಲ್ಲಿದೆ, ಅಂಚು ಎಲ್ಲಿದೆ ಎಂದು ಮುಟ್ಟಿಸಿಯೇ ತೋರಿಸಬೇಕು. ಬಂದಿಶ್‌ಗಳೆಲ್ಲ (ರಾಗದ ಹಾಡುಗಳು) ಕಿವಿಯಿಂದಲೇ ಕಂಠಕ್ಕೆ ಇಳಿಯಬೇಕು.

● ಪುಟ್ಟರಾಜ ಅಜ್ಜಾರು ಹಿಂದೂಸ್ತಾನಿ, ಕರ್ನಾಟಕಿ ಎರಡರಲ್ಲೂ ಪಳಗಿದ್ದರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಅವರ ಕೈಗೆ ಒಲಿದಿದ್ದವು.

● ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಕೃತಿ ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿ, ಅಂಧರು ಬೆರಳಿನಿಂದ ಓದುವಂತೆ ಮಾಡಿದರು.

● ಭಕ್ತರು ಊರೂರಲ್ಲಿ ಅವರಿಗೆ ನಾಣ್ಯದ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯಲ್ಲಿ ತೂಗಿದ ಆ ಹಣ ಆಶ್ರಮದ ಮಕ್ಕಳ ಅನ್ನವಾಯಿತು.

● ಕಣ್ಣಿದ್ದ ಬಡ ಮಕ್ಕಳಿಗೂ ಬಾಗಿಲು ತೆರೆದಿತ್ತು. ಇಂದಿನ ಹೆಸರಾಂತ ಗಾಯಕ ಪಂಡಿತ ಎಂ. ವೆಂಕಟೇಶಕುಮಾರ್ ಕಲಿತದ್ದು ಇಲ್ಲಿಯೇ.

● ಗುರು ಪಂಚಾಕ್ಷರರ ಕುರಿತ ಕನ್ನಡ ಚಿತ್ರಕ್ಕೆ 1995ರ ಸಾಲಿನಲ್ಲಿ ಎರಡು ರಾಷ್ಟ್ರಪ್ರಶಸ್ತಿ ಬಂದವು: ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ.

● ಪುಟ್ಟರಾಜರಿಗೆ ಪದ್ಮಭೂಷಣ ಬಂದದ್ದು 2010ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 17ರಂದು, 96ನೇ ವಯಸ್ಸಿನಲ್ಲಿ, ಗದಗಿನಲ್ಲಿ ಲಿಂಗೈಕ್ಯರಾದರು.

ನಿಮ್ಮ ಓಣಿಯಲ್ಲಿ ಕಣ್ಣಿಲ್ಲದ ಮಗುವೊಂದು ಮನೆಯ ಮೂಲೆಯಲ್ಲೇ ಬೆಳೆಯುತ್ತಿದ್ದರೆ ಅದರ ತಂದೆ-ತಾಯಿಗೆ ಈ ಗುರು-ಶಿಷ್ಯರ ಕಥೆ ಹೇಳಿ. ಮಗುವನ್ನು ಶಾಲೆಗೆ ಕಳಿಸಿ ಎಂದು ಒತ್ತಾಯಿಸಿ. ಪುಟ್ಟರಾಜರ ಸೋದರಮಾವ ಮಾಡಿದ್ದೂ ಇಷ್ಟೇ.