ಬೇಲಿ ಮತ್ತು ಹೊಲ

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನಾನು ತರಗತಿಗಳಲ್ಲಿ ಎಷ್ಟೋ ಬಾರಿ ವಿವರಿಸಿದ್ದೇನೆ. ವಿದ್ಯಾರ್ಥಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಪಶ್ಚಿಮ ಆಫ್ರಿಕದ ಲೈಬೀರಿಯ ದೇಶದ ಚರಿತ್ರೆಯನ್ನು ಓದಿದ ಮೇಲೆ ಆ ನಗು ನನ್ನಲ್ಲಿ ಉಳಿದಿಲ್ಲ.

1989ರಿಂದ 2003ರವರೆಗೆ, ನಡುವಣ ಅಲ್ಪ ಬಿಡುವನ್ನು ಕಳೆದರೆ, ಅಲ್ಲಿ ಅಂತರ್ಯುದ್ಧ ನಡೆಯಿತು. ಮಡಿದವರು ಸುಮಾರು 2,50,000 ಎಂದು ಅಂದಾಜು. ಕೊಂದವರು ಬಂಡುಕೋರರು ಮಾತ್ರವಲ್ಲ. 1990ರ ಜುಲೈನಲ್ಲಿ ರಾಜಧಾನಿ ಮನ್ರೋವಿಯದ ಚರ್ಚೊಂದರಲ್ಲಿ ಆಶ್ರಯ ಪಡೆದಿದ್ದ ನೂರಾರು ಜನರನ್ನು ಕೊಂದವರು ಸರಕಾರದ ಸೈನಿಕರೇ.

2003ರ ಆಗಸ್ಟಿನಲ್ಲಿ ಶಾಂತಿ ಒಪ್ಪಂದವಾಯಿತು. ಆದರೆ ಸಮವಸ್ತ್ರವನ್ನು ಕಂಡರೆ ಓಡಿಹೋಗುವ ಜನರಿಗೆ ಕಾವಲು ಯಾರು? ಭದ್ರತಾ ವ್ಯವಸ್ಥೆಯ ಸುಧಾರಣೆ ಎಂದೊಡನೆ ನಮಗೆ ಹೊಸ ಬಂದೂಕುಗಳು, ಹೊಸ ವಾಹನಗಳು ನೆನಪಾಗುತ್ತವೆ. ನಿಜವಾಗಿ ಅದು ಸೇನೆ, ಪೊಲೀಸು, ನ್ಯಾಯಾಲಯ, ಸೆರೆಮನೆಗಳೆಲ್ಲ ಪ್ರಜೆಗೆ ಉತ್ತರ ಹೇಳುವಂತೆ ಮಾಡುವ ಕೆಲಸ.

ಲೈಬೀರಿಯದಲ್ಲಿ ಹಳೆಯ ಸೇನೆಯನ್ನು ಪೂರ್ತಿಯಾಗಿ ವಿಸರ್ಜಿಸಿದರು. ಸುಮಾರು 2,000 ಮಂದಿಯ ಹೊಸ ಸೇನೆಯನ್ನು ಕಟ್ಟತೊಡಗಿದರು. ಸೇರಬಯಸಿದವರ ಭಾವಚಿತ್ರಗಳನ್ನು ಜನರ ಮುಂದಿಟ್ಟು, ಇವರಲ್ಲಿ ಯಾರಾದರೂ ನಿಮಗೆ ಕೇಡು ಮಾಡಿದ್ದುಂಟೇ ಎಂದು ಕೇಳಿದರು. ಕಾವಲುಗಾರನನ್ನು ಆರಿಸುವಾಗ ಹೊಲದವನ ಮಾತನ್ನೂ ಕೇಳಿದ ಈ ಸಣ್ಣ ಕ್ರಮ ನನಗೆ ಬಹು ದೊಡ್ಡದಾಗಿ ಕಾಣುತ್ತದೆ.

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. 2007ರ ಜನವರಿಯಲ್ಲಿ ಭಾರತದ ಕೇಂದ್ರ ಮೀಸಲು ಪೊಲೀಸ್ ಪಡೆಯ ನೂರಕ್ಕೂ ಹೆಚ್ಚು ಮಹಿಳೆಯರು ಮನ್ರೋವಿಯಕ್ಕೆ ಹೋದರು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಕೇವಲ ಮಹಿಳೆಯರಿಂದಲೇ ಕೂಡಿದ ಪ್ರಥಮ ಪೊಲೀಸ್ ದಳವದು. ಒಂದು ತಂಡದ ಬಳಿಕ ಇನ್ನೊಂದರಂತೆ 2016ರವರೆಗೆ ಅದು ಅಲ್ಲಿತ್ತು. ಯುದ್ಧದಲ್ಲಿ ಅತ್ಯಾಚಾರಕ್ಕೆ ಗುರಿಯಾದ ಹೆಣ್ಣುಮಕ್ಕಳು ದೂರು ಹೇಳಲು ಬಂದಾಗ, ಎದುರಿಗಿದ್ದ ಸಮವಸ್ತ್ರದೊಳಗೆ ಒಬ್ಬ ಹೆಂಗಸಿರುವುದು ಸಾಮಾನ್ಯ ಸಂಗತಿಯಲ್ಲ.

ಹಾಗೆಂದು ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. 2014ರಲ್ಲಿ ಎಬೋಲಾ ಹರಡಿದಾಗ ವೆಸ್ಟ್ ಪಾಯಿಂಟ್ ಎಂಬ ಬಡವರ ಕೇರಿಗೆ ದಿಗ್ಬಂಧನ ಹಾಕಿದ ಹೊಸ ಸೇನೆ ಜನರ ಮೇಲೆ ಗುಂಡು ಹಾರಿಸಿತು. ಒಬ್ಬ ಹುಡುಗ ಸತ್ತ. ವಿಚಾರಣೆ ನಡೆದು ಕೆಲವು ಸೈನಿಕರಿಗೆ ಶಿಕ್ಷೆಯಾಯಿತು. ಒಂದು ಜೀವಕ್ಕೆ ಅದು ತೀರ ಹಗುರವೆಂದೇ ನನ್ನ ಭಾವನೆ. ಆದರೂ 1990ರಲ್ಲಿ ಕೇಳುವವರೇ ಇರಲಿಲ್ಲ, 2014ರಲ್ಲಿ ಕೇಳಿದರು. 2018ರಲ್ಲಿ ವಿಶ್ವಸಂಸ್ಥೆಯ ಪಡೆ ಹೊರಟುಹೋದ ಮೇಲೂ, 2024ರ ಜನವರಿಯಲ್ಲಿ, ಚುನಾವಣೆಯಲ್ಲಿ ಸೋತ ಅಧ್ಯಕ್ಷರು ಗೆದ್ದವರಿಗೆ ಶಾಂತಿಯಿಂದ ಅಧಿಕಾರ ಬಿಟ್ಟುಕೊಟ್ಟರು.

ಬೇಲಿಯನ್ನು ಒಮ್ಮೆ ಕಟ್ಟಿದರೆ ಸಾಲದು, ಕೇಳುಗರೇ. ಹೊಲದವನು ದಿನವೂ ಒಂದು ಸುತ್ತು ಬಂದು ಅದನ್ನು ನೋಡಬೇಕು.