ಕುದುರೆಯ ಮಂಡಿ ಮುರಿದರೆ?

ಮಂಡಿನೋವು ಎಂದರೇನೆಂದು ಅಜ್ಜ-ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕುದುರೆಯ ಮಂಡಿಯೂ ಮುರಿಯುತ್ತದೆ, ಅದಕ್ಕೂ ಆಪರೇಷನ್ ಮಾಡುತ್ತಾರೆ ಎಂಬುದು ಗೊತ್ತೇ?

ಮಕ್ಕಳೇ, ಮೊದಲು ಒಂದು ಸಣ್ಣ ಆಟ. ಅಂಗೈಯನ್ನು ಮೇಜಿನ ಮೇಲೆ ಊರಿ. ಈಗ ಅಂಗೈ ಎತ್ತಿ, ನಡುಬೆರಳಿನ ತುದಿಯನ್ನು ಮಾತ್ರ ಊರಿ. ಕುದುರೆ ನಿಲ್ಲುವುದು ಹೀಗೆಯೇ! ಅದರ ಗೊರಸು ನಮ್ಮ ನಡುಬೆರಳಿನ ಉಗುರಿದ್ದಂತೆ. ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮ. ಅಲ್ಲಿ ಏಳೆಂಟು ಪುಟ್ಟ ಮೂಳೆಗಳು ಎರಡು ಸಾಲಾಗಿ ಜೋಡಿಸಿಕೊಂಡಿವೆ.

ಓಟದ ಕುದುರೆಯ ತೂಕ ಸುಮಾರು 450ರಿಂದ 500 ಕಿಲೋ. ನಾಗಾಲೋಟದಲ್ಲಿ ಒಂದು ಗಳಿಗೆ ಅಷ್ಟೂ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಆಗ ಮಂಡಿಯ ಮೂಳೆಯಿಂದ ಸಣ್ಣ ಚೂರು ಹಾರಬಹುದು, ಇಲ್ಲವೇ ಒಂದು ಮೂಳೆ ಹಲಗೆಯಂತೆ ಸೀಳಬಹುದು. ಚೂರಾದರೆ ವೈದ್ಯರು ಪುಟ್ಟ ರಂಧ್ರದಿಂದ ಸಣ್ಣ ಕ್ಯಾಮೆರಾ ತೂರಿಸಿ, ನೋಡಿಕೊಂಡು ತೆಗೆಯುತ್ತಾರೆ. ಸೀಳಿದ್ದರೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಇಂಥ ಎಷ್ಟೋ ಕುದುರೆಗಳು ಮತ್ತೆ ಓಡಿವೆ. ಹಲವು ಮೂಳೆಗಳು ನುಚ್ಚುನೂರಾದರೆ ಮಾತ್ರ ಕಷ್ಟ. ಆಗ ಲೋಹದ ಪಟ್ಟಿಗಳನ್ನು ಕೂರಿಸಿ ಇಡೀ ಮಂಡಿಯನ್ನೇ ಮಡಚಲಾಗದಂತೆ ಬೆಸೆಯುವುದುಂಟು. ಆ ಕುದುರೆ ಮುಂದೆ ಓಡದು. ಆದರೆ ಹುಲ್ಲುಗಾವಲಿನಲ್ಲಿ ಬದುಕಬಹುದು.

ಆಪರೇಷನ್ ಮುಗಿದರೂ ಗಂಡಾಂತರ ಮುಗಿಯುವುದಿಲ್ಲ. ಅಜ್ಜನ ಕಾಲು ಮುರಿದರೆ ಆರು ವಾರ ಮಂಚದ ಮೇಲಿರಿ ಎನ್ನಬಹುದು. ಕುದುರೆಗೆ ಹಾಗೆ ಹೇಳಲಾದೀತೇ? ಅದು ನಿಂತೇ ನಿದ್ದೆ ತೂಗುವ ಪ್ರಾಣಿ. ಬಹಳ ಹೊತ್ತು ಮಲಗಿದರೆ ಅದರ ಭಾರಕ್ಕೆ ಅದರದೇ ಮಾಂಸಖಂಡಗಳು ನಲುಗುತ್ತವೆ. ನಿಂತರೆ, ನೋವಿನ ಕಾಲಿನ ಪಾಲಿನ ಹೊರೆಯನ್ನೂ ಜೊತೆಯ ಕಾಲು ಹೊರಬೇಕು. ವಾರಗಟ್ಟಲೆ ಹೀಗಾದರೆ ಆ ಗೊರಸಿನೊಳಗೆ ರಕ್ತಸಂಚಾರ ಕುಂದಿ, ಗೊರಸಿಗೂ ಮೂಳೆಗೂ ಇರುವ ಬೆಸುಗೆ ಬಿಡುತ್ತದೆ. ಇದಕ್ಕೆ ಲ್ಯಾಮಿನೈಟಿಸ್ ಎಂದು ಹೆಸರು.

ಅಮೆರಿಕದ ಬಾರ್ಬಾರೋ ಎಂಬ ಕುದುರೆಗೆ ಆದದ್ದು ಇದೇ. 2006ರ ಮೇ 6ರಂದು ಅದು ಕೆಂಟಕಿ ಡರ್ಬಿ ಗೆದ್ದಿತ್ತು. ಎರಡು ವಾರಗಳ ಬಳಿಕ ಪ್ರೀಕ್‌ನೆಸ್ ಓಟದಲ್ಲಿ ಅದರ ಬಲ ಹಿಂಗಾಲು ಮುರಿಯಿತು. ಮುರಿದದ್ದು ಮಂಡಿಯಲ್ಲ, ಗೊರಸಿನ ಮೇಲಿನ ಭಾಗ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ ಡಾ. ಡೀನ್ ರಿಚರ್ಡ್‌ಸನ್ ಅವರು ಲೋಹದ ಪಟ್ಟಿಯೊಂದನ್ನು ಇಟ್ಟು 27 ಸ್ಕ್ರೂ ಹಾಕಿದರು. ಎಚ್ಚರವಾಗುವಾಗ ಕುದುರೆ ಗಾಬರಿಯಿಂದ ಒದ್ದಾಡಿ ಕಾಲನ್ನು ಮತ್ತೆ ಮುರಿದುಕೊಳ್ಳಬಾರದಲ್ಲ? ಅದಕ್ಕಾಗಿ ರಬ್ಬರ್ ತೆಪ್ಪದಲ್ಲಿ ಕೂರಿಸಿ, ಬೆಚ್ಚನೆಯ ನೀರಿನ ಕೊಳದಲ್ಲಿ ತೇಲಿಸಿಟ್ಟು ಎಚ್ಚರಿಸಿದರು. ಜನರು ಆಸ್ಪತ್ರೆಗೆ ಸೇಬು, ಕ್ಯಾರೆಟ್, ಹಾರೈಕೆಯ ಪತ್ರಗಳನ್ನು ಕಳಿಸಿದರು.

ಮುರಿದ ಮೂಳೆ ಕೂಡತೊಡಗಿತು. ಆದರೆ ಜುಲೈನಲ್ಲಿ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು. ಕೊನೆಗೆ ಮುಂಗಾಲುಗಳಿಗೂ ಹರಡಿತು. ನೋವು ತಡೆಯಲಾರದ ಆ ಜೀವಕ್ಕೆ 2007ರ ಜನವರಿ 29ರಂದು ನೋವಿಲ್ಲದ ಸಾವು ಕೊಡಬೇಕಾಯಿತು.

ಎಂಟು ತಿಂಗಳ ಆರೈಕೆ ವ್ಯರ್ಥವಾಯಿತೇ? ಇಲ್ಲ. ಬಾರ್ಬಾರೋ ಕಥೆ ಕೇಳಿದವರು ಲ್ಯಾಮಿನೈಟಿಸ್ ಸಂಶೋಧನೆಗೆ ಹಣ ಕೊಟ್ಟರು. ಕುದುರೆಯ ಒಂದು ಕಾಲಿಗೆ ಕಟ್ಟು ಹಾಕಿದಾಗ ವೈದ್ಯರು ಜೊತೆಯ ಕಾಲಿನ ಗೊರಸಿಗೂ ಮೆತ್ತನೆಯ ಆಸರೆ ಕಟ್ಟುತ್ತಾರೆ, ದಿನವೂ ಅದನ್ನು ಮುಟ್ಟಿ ನೋಡುತ್ತಾರೆ. ಗೊರಸು ಬಿಸಿಯಾಗಿದ್ದರೆ ಅದೇ ಅಪಾಯದ ಮೊದಲ ಸೂಚನೆ.

ನೋಯುವ ಕಾಲನ್ನು ಎಲ್ಲರೂ ನೋಡುತ್ತಾರೆ. ಅದರ ಭಾರ ಹೊತ್ತು ಸುಮ್ಮನೆ ನಿಂತ ಕಾಲನ್ನೂ ನೋಡಬೇಕು.